ಗೋಡೆಗೆ ಕಿವಿಯಿಲ್ಲದ ಕೋಣೆ

ಕೇಳಿಸುತ್ತಿದೆಯೇ ಎಂದು ಕೇಳುವುದು ನನ್ನ ಕೆಲಸ.
ಕುತೈಸಿಯ ಆಸ್ಪತ್ರೆ, ಎರಡನೇ ಮಹಡಿ,
ಕಿವಿ ಮೂಗು ಗಂಟಲಿನ ಸಾಲು ಮುಗಿಯುವಲ್ಲಿ
ಬೀರುವಿನಷ್ಟೇ ಒಂದು ಕೋಣೆ. ದಪ್ಪ ಬಾಗಿಲು, ಸ್ಪಂಜಿನ ಗೋಡೆ,
ಒಂದು ಕುರ್ಚಿ, ಒಂದು ಹೆಡ್‌ಫೋನು, ಕೈಗೊಂದು ಗುಂಡಿ.
ಕಿಟಕಿ ತೆರೆದರೆ ರಿಯೋನಿ ಹೊಳೆಯ ಮೊರೆತ;
ಆ ಕೋಣೆಯೊಳಗೆ ಹೊಳೆಯೂ ಇಲ್ಲ.
ಗಾಜಿನ ಈಚೆ ನಾನು.
ಬೀಪ್ ಅಂದರೆ ಒತ್ತಿ, ಎನ್ನುತ್ತೇನೆ,
ಎಷ್ಟು ಸಣ್ಣಗಿದ್ದರೂ ಒತ್ತಿ.

ಹನ್ನೊಂದು ವರ್ಷ ಒತ್ತಿಸಿದೆ.
ಗಣಿಯಿಂದ ಬಂದವರು, ಇಗರ್ಜಿಯ ಗಂಟೆ ಹೊಡೆಯುವ ಮುದುಕ,
ಮತ್ತೆ ಕಿವಿಯ ತಮಟೆ ಹರಿದ ಹೆಂಗಸರು.
ಬಹುಪಾಲು ಎಡಗಿವಿ.
ಹೊಡೆಯುವವರು ಬಹುಪಾಲು ಬಲಗೈಯವರು,
ಇದಕ್ಕೆ ಗಣಿತ ಬೇಕಿಲ್ಲ.
ಕಾರಣ ಎಂಬ ಕಾಲಮ್ಮಿನಲ್ಲಿ ಬರೆದೆ:
ಬಚ್ಚಲಲ್ಲಿ ಜಾರಿ. ಬಾಗಿಲು ಬಡಿದು. ಕಡ್ಡಿ ಹಾಕಿಕೊಂಡು.
ಮತ್ತೆ, ಬಚ್ಚಲಲ್ಲಿ ಜಾರಿ.
ಊರಿನ ಬಚ್ಚಲೆಲ್ಲ ಇಷ್ಟೊಂದು ಪಾಚಿಗಟ್ಟಿದೆಯೇ ಎಂದು
ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.
ಕೇಳಿ ಏನು ಮಾಡಲಿ? ನನ್ನ ಬಳಿ ಇದ್ದದ್ದು
ಹತ್ತಿ, ಹನಿ ಮದ್ದು,
ಆರು ವಾರ ನೀರು ತಾಗಿಸಬೇಡಿ ಎಂಬ ಚೀಟಿ.

ದೊದೊ ಬಂದದ್ದು ಒಂದು ಮಾರ್ಚಿನಲ್ಲಿ, ತೊಟ್ಟಿಕ್ಕುವ ಕೊಡೆ ಹಿಡಿದು.
ಆಶ್ರಯಮನೆಯವಳು. ಮುಖ್ಯ ವೈದ್ಯರು ಹತ್ತು ನಿಮಿಷ ಕೊಟ್ಟಿದ್ದರು.
"ಗಂಟು ಬಿಡಿಸುವುದು ನಮಗಿರಲಿ," ಎಂದಳು,
"ನೀವು ಕೇಳಿ, ಅಷ್ಟೆ. ಹೂಂ ಅಂದರೆ, ಒಪ್ಪಿದರೆ,
ಅಲ್ಲಿಂದಲೇ ನನಗೊಂದು ಫೋನು.
ಊಹೂಂ ಅಂದರೆ, ಮುಂದಿನ ಸಲವೂ ಕೇಳಿ."
ಹೃದಯದ ಡಾಕ್ಟರು ಗಡಿಯಾರ ನೋಡಿದರು.
ಮನೆಯ ವಿಷಯ, ಎಂದರು ಇನ್ನೊಬ್ಬರು.
ನಾನು ನಂಬರು ಬರೆದುಕೊಂಡೆ, ಬ್ಯಾಟರಿ ಡಬ್ಬಿಯ ಮುಚ್ಚಳದ ಒಳಗೆ.
ಒಂದು ತಿಂಗಳು ಆ ಡಬ್ಬಿ ತೆರೆಯಲಿಲ್ಲ.

ಆಮೇಲೆ ಲಮಾರಾ.
ಜೊತೆಗೆ ಅತ್ತೆ, ಅತ್ತೆಯ ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ.
ಹೆಸರೇನು ಎಂದರೆ ಅತ್ತೆಯ ಉತ್ತರ,
ನೋವೆಲ್ಲಿ ಎಂದರೂ ಅತ್ತೆಯದೇ.
ಒಳಗೆ ಒಬ್ಬರೇ ಹೋಗಬೇಕು, ಎಂದೆ. ಅದು ನಿಯಮ, ಸುಳ್ಳಲ್ಲ.
ಬಾಗಿಲು ಮುಚ್ಚಿತು.
ಆಗ ಹೊಳೆಯಿತು: ಗೋಡೆಗೂ ಕಿವಿಯಿರುವ ಈ ಊರಿನಲ್ಲಿ
ಕಿವುಡು ಗೋಡೆ ಇರುವುದು ಇಲ್ಲಿ ಮಾತ್ರ.

ಬಲಗಿವಿ ಚೆನ್ನಾಗಿತ್ತು.
ಎಡಕ್ಕೆ ಸದ್ದು ಏರಿಸುತ್ತ ಹೋದೆ, ಅವಳು ಒತ್ತಲಿಲ್ಲ.
ಮೈಕು ತೆರೆದು ಬಲಗಿವಿಗೆ ಹೇಳಿದೆ:
ಇದು ಬೀಪ್ ಅಲ್ಲ, ಲಮಾರಾ.
ಇಲ್ಲಿಗೆ ಬರುವ ಎಲ್ಲರನ್ನೂ ಕೇಳುತ್ತೇನೆ
(ಇದು ಸುಳ್ಳು, ಅವಳೇ ಮೊದಲಿನವಳು):
ಮನೆಯಲ್ಲಿ ಯಾರಾದರೂ ನಿನ್ನ ಮೇಲೆ ಕೈ ಮಾಡುತ್ತಾರೆಯೇ?
ತುಟಿ ಅಲ್ಲಾಡಿಸಬೇಡ, ಕಾರಿಡಾರಿನ ಬಾಗಿಲಿಗೊಂದು ಗಾಜಿದೆ.
ಹೌದಾದರೆ ಒತ್ತು.

ಹಸಿರು ದೀಪ ಹತ್ತಲಿಲ್ಲ.
ಗಾಜಿನಲ್ಲಿ ಅತ್ತೆಯ ತಲೆವಸ್ತ್ರ, ಬೀಜ ಒಡೆಯುವ ದವಡೆ.
ಆಮೇಲೆ ಹತ್ತಿತು.
ಹತ್ತಿದ್ದು ಆರಲೇ ಇಲ್ಲ,
ಬೆರಳು ತೆಗೆಯುವುದು ಮರೆತುಹೋದ ಹಾಗೆ.

ಡಬ್ಬಿ ತೆರೆದೆ.
ಆಸ್ಪತ್ರೆಯ ಫೋನಿನ ರಿಸೀವರು ಮೈಕಿಗೆ ಒತ್ತಿ ಹಿಡಿದೆ,
ದೊದೊಳ ದನಿ ತಂತಿಯಿಂದ ತಂತಿಗೆ, ಒಂದೇ ಕಿವಿಗೆ.
ಅವಳು ಕೇಳಿದ್ದಕ್ಕೆ ದೀಪದ ಉತ್ತರ ನಾನು ಓದಿ ಹೇಳಿದೆ:
ಮಕ್ಕಳು? ಎರಡು ಸಲ.
ಈ ರಾತ್ರಿಯೇ ಬರುತ್ತೀಯಾ? ಕತ್ತಲು.
ಗುರುವಾರ?
ಹಸಿರು.

ಹೊರಗೆ ಅತ್ತೆ, ಯಾಕಿಷ್ಟು ಹೊತ್ತು ಎಂದಳು.
ಗುರುವಾರ ಮತ್ತೆ ಬರಬೇಕು, ಎಂದೆ.
"ಆಂ?" ಎಂದು ಕತ್ತು ತಿರುಗಿಸಿ
ಬಲಗಿವಿ ಮುಂದೆ ಮಾಡಿದಳು.

ಹನ್ನೊಂದು ವರ್ಷದ ಕಸುಬು ನನ್ನದು, ತಿಳಿಯದೇ?
"ಎಡಗಿವಿಗೆ ಏನಾಗಿತ್ತು?"
"ಬಚ್ಚಲಲ್ಲಿ ಜಾರಿದ್ದು," ಎಂದಳು ಥಟ್ಟನೆ.
ಸಿಪ್ಪೆಗಳನ್ನು ಪೊಟ್ಟಣಕ್ಕೆ ಒಂದೊಂದೇ ತುಂಬಿದಳು.
ಸೊಸೆಯ ಕೋಟಿನ ಕಾಲರು ಸರಿಮಾಡಿದಳು.
ಆಮೇಲೆ, ನನಗಲ್ಲ, ಕಿಟಕಿಯಾಚೆಯ ಹೊಳೆಗೆ:
"ಆಗ ನಮ್ಮ ಮನೆಗೆ ಬಚ್ಚಲೇ ಇರಲಿಲ್ಲ."

ಗುರುವಾರದ ಪುಟದಲ್ಲಿ ಎರಡು ಹೆಸರು ಬರೆದೆ.
ಕಾರಣದ ಜಾಗ ಖಾಲಿ ಬಿಟ್ಟಿದ್ದೇನೆ,
ಕೇಳಿ ಬರೆಯಲು.