ಗುಳ್ಳೆ ಏಳಲಿಲ್ಲ

ಬೇಟೆ ಮುಗಿಸಿ ಬಂದ ಕೋವಿಯನ್ನು ನೇರ ಒಳಗೆ ತರಬಾರದು.
ಚಳಿ ಕುಡಿದ ಕಬ್ಬಿಣ ಬೆಚ್ಚನೆಯ ಅಡುಗೆಮನೆಗೆ ಬಂದರೆ
ಬೆವರುತ್ತದೆ, ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನ ಹಾಗೆ.
ಮೊದಲು ಸೌದೆ ಕೊಟ್ಟಿಗೆ, ಆಮೇಲೆ ತಣ್ಣನೆಯ ಪಡಸಾಲೆ,
ಅಲ್ಲಿ ಬೂಟುಗಳ ಪಕ್ಕ ಒಂದು ರಾತ್ರಿ.
ಆಮೇಲೆ ಮನೆ.
ಕೂಹ್ಮೊದಲ್ಲಿ ಮಗ್ಗಿಗಿಂತ ಮೊದಲೇ
ಅಪ್ಪ ನನಗೆ ಬಾಯಿಪಾಠ ಮಾಡಿಸಿದ್ದು ಇದು.

ಆದರೂ ಈ ಅಕ್ಟೋಬರಿನಲ್ಲಿ ಅವನ ದುರ್ಬೀನು ಮಬ್ಬಾಯಿತು.
ಜೌಗಿನ ಅಂಚು, ಎಂಬತ್ತು ಮೀಟರು,
ಗಂಡು ಮೂಸ್ ಅಡ್ಡಡ್ಡ ನಿಂತಿತ್ತಂತೆ, ಫೋಟೋಗೆ ನಿಂತವರ ಹಾಗೆ.
ತೌನೊ ಗುಂಡು ಹಾರಿಸಲಿಲ್ಲ.
ಏನಾಯ್ತು, ರೇಡಿಯೋದಲ್ಲಿ ಹಿಲ್ಲೆವಿ ಕೇಳಿದಳು.
ಗಾಜು ಮಬ್ಬು, ಅಂದ. ಒರೆಸಿದರೆ ಹೋಗುವುದಲ್ಲ. ಒಳಗಿನದು.

ಹೊರಗಿನದಕ್ಕಾದರೆ ಅಂಗಿಯ ತುದಿ ಸಾಕು.

ಮೇಜಿಗೆ ಹಳೆ ಪತ್ರಿಕೆ ಹಾಸಿದೆ.
ಬಿಚ್ಚಬೇಡ, ಆಚೆ ಕೋಣೆಯಿಂದ ಅಪ್ಪ ಕೂಗಿದ.
ಬಿಚ್ಚುವುದಿಲ್ಲ, ಗೊತ್ತು:
ಸಾರಜನಕ ತುಂಬಿ ಬಾಯಿ ಕಟ್ಟಿದ ಕೊಳವೆ ಅದು,
ತೆರೆದರೆ ನಮ್ಮ ಮನೆಯ ಗಾಳಿ, ಬೇಯುವ ಆಲೂಗಡ್ಡೆಯ ಹಬೆ,
ಎಲ್ಲ ನುಗ್ಗಿ ಬಾಡಿಗೆ ಕೊಡದೆ ಕೂತುಬಿಡುತ್ತವೆ.
ತಿರುಪಿನ ಮುಚ್ಚಳ ಮಾತ್ರ ತೆಗೆದೆ. ರಬ್ಬರಿನ ಉಂಗುರ
ಎಲ್ಲೂ ಬಿರಿದಿಲ್ಲ. ಆದರೂ ಇರಲಿ ಎಂದು
ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಸಿಲಿಕೋನ್ ಜಿಡ್ಡು ಸವರಿದೆ.

ಅಮ್ಮ ಯಾವುದನ್ನೂ ಬಿಸಾಕಿದವಳಲ್ಲ.
ಹೊಸ ಬೂಟಿನ ಡಬ್ಬಿಗಳಲ್ಲಿ ಸಿಕ್ಕ ‘ತಿನ್ನಬೇಡಿ’ ಎಂಬ ಪುಟ್ಟ ಚೀಲಗಳು,
ಮೂವತ್ತು ವರ್ಷದವು, ಹೊಲಿಗೆ ಪೆಟ್ಟಿಗೆಯಲ್ಲಿ.
ಒಲೆಯ ಸಣ್ಣ ಕಾವಿನಲ್ಲಿ ಅವನ್ನು ಒಣಗಿಸಿ
ಜಾಮಿನ ಭರಣಿಗೆ ಸುರಿದು, ದುರ್ಬೀನು ಮಲಗಿಸಿ, ಮುಚ್ಚಿದೆ.
ಒಂದು ವಾರ.
ಅಷ್ಟರಲ್ಲಿ ಸರೋವರಕ್ಕೆ ತೆಳ್ಳಗೆ ಪೊರೆ ಬಂತು.

ಎಂಟನೆಯ ದಿನ ಸೌನಾದ ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು.
ಸೋರುವ ಕೊಳವೆಯಾದರೆ ಉಸಿರು ಬಿಡಲೇಬೇಕು.
ಮುಳುಗಿಸಿ ಹಿಡಿದೆ. ಹತ್ತು ನಿಮಿಷ. ಮಣಿಕಟ್ಟು ನೋಯುವ ತನಕ.
ಒಂದೇ ಒಂದು ಗುಳ್ಳೆ ಏಳಲಿಲ್ಲ.

ಒರೆಸಿ ಕಿಟಕಿಯಿಂದ ನೋಡಿದೆ:
ಆಚೆ ದಡದಲ್ಲಿ ಹಿಲ್ಲೆವಿಯ ಹೊಗೆಗೂಡು,
ಅದರಲ್ಲಿ ಬಿಟ್ಟುಹೋದ ಒಂದು ಇಟ್ಟಿಗೆ,
ಆ ಸಂದಿನಲ್ಲಿ ಕೂತ ಕಾಗೆ, ಕಾಗೆಯ ಕೊಕ್ಕಿನಲ್ಲಿ ಏನೋ ಕೆಂಪು.
ಇಷ್ಟು ಸ್ವಚ್ಛ ಗಾಜು
ಈ ಮನೆಯಲ್ಲಿ ಇನ್ನೊಂದಿಲ್ಲ.

ಆಗ ನೆನಪಾಯಿತು:
ಬಟ್ಟಲಿನ ಪಕ್ಕಕ್ಕೆ ಬಿದ್ದ ಕಾಫಿ.
ಎದುರಿನ ಕಾರುಗಳ ದೀಪಕ್ಕೆಲ್ಲ ಈ ವರ್ಷ ಗಡ್ಡ ಬಂದಿದೆ
ಎಂದು ಅವನು ಹೇಳಿದ್ದು, ನಾನು ನಕ್ಕದ್ದು.

ಅಪ್ಪ, ಥರ್ಮಾಮೀಟರ್ ಎಷ್ಟು ತೋರಿಸ್ತಿದೆ?
ಕಿಟಕಿಗೆ ಹೋಗಿ ನಿಂತ. ಸೊನ್ನೆಗಿಂತ ಹದಿನಾಲ್ಕು ಕೆಳಗೆ, ಅಂದ.
ಸರಿಯಾಗಿ ಹದಿನಾಲ್ಕೇ ಇತ್ತು.
ಆದರೆ ಅವನು ನೋಡಿದ್ದು ಖಾಲಿ ಮೊಳೆಯ ಕಡೆ.
ಥರ್ಮಾಮೀಟರನ್ನು ನಾನು ಬೇಸಿಗೆಯಲ್ಲೇ
ಇನ್ನೊಂದು ಕಿಟಕಿಗೆ ಕಟ್ಟಿದ್ದೆ.

ದುರ್ಬೀನು ಸರಿಹೋಯ್ತಾ?
ಇನ್ನೂ ಸ್ವಲ್ಪ ಒಣಗಬೇಕು, ಅಂದೆ, ಮುಚ್ಚಳ ಬಿಗಿಯುತ್ತ.
ಗುರುವಾರ ಕಜಾನಿಗೆ ಹೋಗೋಣ. ಅಲ್ಲೊಬ್ಬರು ಗಾಜು ನೋಡುವವರಿದ್ದಾರೆ.
ಅವನು ಸಕ್ಕರೆ ಇಲ್ಲದ ಕಾಫಿಯನ್ನು ಬಹಳ ಹೊತ್ತು ಕಲಕಿದ.

ದುರ್ಬೀನು ತರಬೇಕಾ?
ಬೇಡ.

ಒಲೆಯಲ್ಲಿ ಬರ್ಚ್ ಕಟ್ಟಿಗೆ ಒಂದು ಮಗ್ಗುಲು ಬದಲಿಸಿತು.
ಹಿಲ್ಲೆವಿಗೆ ಹೇಳಬೇಡ, ಅಂದ.