ನಾಲ್ಕು ಬೆರಳು

ಬರೆಯುವುದು ಸ್ಲೇಯ್ತ್‌ವೇಟ್, ಊರವರ ಬಾಯಲ್ಲಿ ಸ್ಲೌವಿಟ್.
ಹೆಸರಿನಲ್ಲೇ ಕಣ್ಣಿಗೂ ಕಿವಿಗೂ ವ್ಯಾಜ್ಯ.
ಕಾಲುವೆ ಪಕ್ಕದ ಚಾಪೆಲ್ ಹಾಲಿನಲ್ಲಿ, ಮಂಗಳವಾರ,
ಕುರ್ಚಿ ಹತ್ತಿ ಕರಿ ಪರದೆ ಕಟ್ಟುತ್ತಿದ್ದೇನೆ.

ಹಿಂದೆ ಎರಡು ಆಂಪ್ಲಿಫೈಯರ್.
ಒಂದು, ಕ್ಲಿಫರ್ಡ್ ಸೈಕ್ಸ್ ಕಾರು ಮಾರಿ ಕೊಂಡದ್ದು.
ಇನ್ನೊಂದು ಶಾಲೆಯವರು ಎಸೆದದ್ದು, ನಾನು ಬೆಸುಗೆ ಹಾಕಿ ಬದುಕಿಸಿದ್ದು.
'ಕುರುಡನಿಗೂ ಗೊತ್ತಾಗುತ್ತೆ' ಅಂದ ಕ್ಲಿಫರ್ಡ್.
ಅದಕ್ಕೇ ಪರದೆ, ಅಂದೆ.

ಕಂಡದ್ದು ನಿಜ, ಕೇಳಿದ್ದು ಸುಳ್ಳು, ನಡುವೆ ನಾಲ್ಕೇ ಬೆರಳು
ಎಂದು ನನ್ನ ಕೆನ್ನೆಯ ಮೇಲೆ ಬೆರಳಿಟ್ಟು ಅಳೆದಿದ್ದಳು ಸೋದರತ್ತೆ.
ಇಲ್ಲಿ ಸುಳ್ಳಾಡುವುದು ಕಣ್ಣು.
ಬೆಲೆಯ ಚೀಟಿ ಓದಿಬಿಟ್ಟ ಕಿವಿಗೆ
ಗೊರಗೊರವೂ ಗಾಂಭೀರ್ಯ.

ಮೊದಲು ವೋಲ್ಟ್‌ಮೀಟರ್. ಎರಡರ ದನಿ ಕೂದಲೆಳೆಯೂ ಹೆಚ್ಚುಕಮ್ಮಿ ಇರಬಾರದು;
ತುಸು ಜೋರಾದದ್ದೇ ನಮಗೆ ಇಂಪು,
ಮದುವೆಮನೆಯಲ್ಲಿ ಗಂಟಲು ದೊಡ್ಡದಿದ್ದವರ ಮಾತು ನಡೆಯುವ ಹಾಗೆ.
ಆಮೇಲೆ ನಾಣ್ಯ: ತಲೆ ಬಿದ್ದರೆ ಅವನದು, ಬೆನ್ನು ಬಿದ್ದರೆ ನನ್ನದು.
ಹದಿನಾರು ಸಲ. ಅವನದೊಮ್ಮೆ ನನ್ನದೊಮ್ಮೆ ಎಂದು ನಾನೇ ಹಂಚಕೂಡದು,
ನನ್ನ ನ್ಯಾಯಕ್ಕೆ ತಾಳವಿದೆ, ನಾಣ್ಯಕ್ಕಿಲ್ಲ.

ಅದೇ ಚೆಲೋ. ಅದೇ ಇಪ್ಪತ್ತು ಸೆಕೆಂಡು.
ಕ್ಲಿಫರ್ಡ್ ಕಣ್ಣು ಮುಚ್ಚಿ, ತಲೆದೂಗಿ, ಬರೆದದ್ದರಲ್ಲಿ ಸರಿ ಎಂಟು.
ನಾಣ್ಯವೇ ಕೂತು ಕೇಳಿದ್ದರೂ ಅಷ್ಟೇ.

ಚಹಾ ಹಂಚಲು ಬಂದ ಈನಿಡ್ ಆಕ್ರಾಯ್ಡ್ ತಾನೂ ಕೂತಳು.
ನೂಲಿನ ಗಿರಣಿಯಲ್ಲಿ ಮೂವತ್ತು ವರ್ಷ,
ಮಗ್ಗಗಳು ಅರ್ಧ ಕಿವಿ ತಿಂದಿವೆ.
ಹದಿನೈದು.
ಹದಿನಾರಕ್ಕೆ ಹದಿನೈದು!

ಕೇಬಲ್ ತಡಕಿದೆ. ಸ್ವಿಚ್ಚಿನ ಟಿಕ್ಕಿಗೆ ಕಿವಿಯಿಟ್ಟೆ. ಮೀಟರ್ ಮತ್ತೆ ಹಚ್ಚಿದೆ.
ಕಪ್ಪು ಒರೆಸುತ್ತಾ ಅವಳೇ ಅಂದಳು:
'ಮಗ್ಗದ ಸದ್ದಿನಲ್ಲಿ ನಾವು ತುಟಿ ನೋಡಿ ಮಾತಾಡಿದವರು, ಲವ್.
ತುಟಿ ಕಾಣದಿದ್ದರೆ ಕಾಲು.
ನಿನ್ನದು ಹಾಡುವಾಗ ನಿನ್ನ ಬೂಟಿನ ತುದಿ ಏಳುತ್ತೆ.'

ಬಗ್ಗಿ ನೋಡಿದೆ. ಪರದೆ ನೆಲಕ್ಕೆ
ನಾಲ್ಕು ಬೆರಳು ಮೋಟು.

ಈ ಮಂಗಳವಾರ ನಾಣ್ಯ ಅಡುಗೆಕೋಣೆಯಲ್ಲಿ ಈನಿಡ್ ಕೈಲಿ.
ಚೀಟಿ ಲಕೋಟೆಯೊಳಗೆ. ಸ್ವಿಚ್ಚು ಒತ್ತುವುದು ಅವಳೇ, ಬಾಗಿಲಿನಾಚೆಯಿಂದ.
ಪರದೆಯ ಈಚೆ, ಕ್ಲಿಫರ್ಡ್ ಪಕ್ಕ, ನನಗೂ ಒಂದು ಕುರ್ಚಿ, ಒಂದು ಪೆನ್ಸಿಲ್.
ಗೊತ್ತಿಲ್ಲದೆ ಇರುವುದೂ ಒಂದು ಕೆಲಸ; ಕಷ್ಟದ್ದು.

ಚೆಲೋ ಶುರುವಾಯಿತು.
ನನ್ನ ಬೆಸುಗೆ ಇದರಲ್ಲಿದ್ದರೆ
ಅದು ನನ್ನನ್ನು ಕರೆಯುತ್ತಿಲ್ಲ.
ಬೂಟು ಬಿಚ್ಚಿ ಕುರ್ಚಿಯಡಿಗೆ ತಳ್ಳಿ
ಮೊದಲ ಮನೆಯಲ್ಲಿ, ಹಾಗೇ ಸುಮ್ಮನೆ,
'ಅವನದು' ಎಂದು ಬರೆದೆ.