ಬಲಗಣ್ಣಿನ ಡಿಸ್ಕು

ಬೆಟಗೇರಿ ಬಸ್‌ಸ್ಟ್ಯಾಂಡಿನೆದುರು ಗಣಪತಸಾನ ಅಂಗಡಿಯಲ್ಲಿ
ದಿನಕ್ಕೆ ಹತ್ತು ರೂಪಾಯಿಗೆ ಬಾಡಿಗೆ ಸಿಗುತ್ತಿತ್ತು ಹಿಮ.
ತೆಳ್ಳನೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಡಿಸ್ಕು,
ಮೇಲೆ ಸ್ಕೆಚ್ ಪೆನ್ನಿನ ಅಕ್ಷರ:
ಮುಳ್ಳಹಂದಿ. ಕಾರ್ಟೂನ್. ಫ್ಯಾಮಿಲಿ.

ಗೀರು ಬಿದ್ದ ಅದರ ಬೆನ್ನನ್ನು ಅಂಗಿಯ ಚುಂಗಿನಿಂದ ಒರೆಸುತ್ತ
ನಡುವಿನಿಂದ ಅಂಚಿಗೆ, ಸುತ್ತಲೂ ತಿಕ್ಕಬಾರದು, ಅಂತ
ಅಣ್ಣ ಶ್ರೀಶೈಲ ಮಂತ್ರ ಹೇಳಿಕೊಡುತ್ತಿದ್ದ.
ಕುಣಿಮಗ್ಗದ ಪಕ್ಕ ಟೀವಿ.
ತೊಲೆಗೆ ಜೋತುಬಿದ್ದ ಎರಡು ಸ್ಪೀಕರು,
ಒಂದಕ್ಕೆ ಮಾತ್ರ ಜೀವ.

ತಾಯಿ ಮುಳ್ಳಹಂದಿ, ಮೂರು ಮರಿ, ದಾಟಬೇಕಾದ ಬೆಟ್ಟ.
ಬಿರುಗಾಳಿ ಅಂದರೆ ಡಬ್ಬಿಯೊಳಗೆ ಅಲ್ಲಾಡುವ ಅಲಸಂದಿ ಕಾಳು.
ಹಿಮ ಚೌಕ ಚೌಕ ಬೀಳುತ್ತಿತ್ತು,
ಮುಳ್ಳಿನ ತುದಿಗಳು ಮೆಟ್ಟಿಲು ಮೆಟ್ಟಿಲು.
ಕತ್ತಲೆಯ ದೃಶ್ಯದಲ್ಲಿ ನಾಲ್ಕು ಜೊತೆ ಕಣ್ಣು ಬಿಟ್ಟರೆ
ಗಾಜಿನಲ್ಲಿ ಕೂತ ನಾವೇ.

ಆಯಿ ನಿಂಬೆವ್ವ ಕಂಡಿಕೆ ಸುತ್ತುತ್ತಲೇ ತಪ್ಪು ಹಿಡಿಯುವಳು.
ನಲವತ್ತು ವರ್ಷ ಹಂಡೆಯಲ್ಲಿ ಲಡಿ ಅದ್ದಿದ ಕೈ,
ಉಗುರಿನ ಸಂದಿ ಮತ್ತೆಂದೂ ತನ್ನ ಬಣ್ಣಕ್ಕೆ ಮರಳಲಿಲ್ಲ.
"ಇದು ಕರೀದಲ್ಲೋ, ಎರಡು ಅದ್ದು ಕಡಿಮಿ ಬಿದ್ದೈತಿ.
ಆ ಮರೀ ಕೆಂಪು ಕುಲಾಯಿ ನೋಡು,
ಬಣ್ಣ ಬಿಟ್ಟು ಕಿವೀಗೆ ಹತ್ತೇತಿ."

ಬೆಟ್ಟದ ತುದಿಯಲ್ಲಿ ತಾಯಿ ಹಿಂತಿರುಗಿ ನೋಡುತ್ತಾಳೆ.
ಗಾಳಿ ನಿಲ್ಲುತ್ತದೆ, ಪಿಟೀಲು ನಿಲ್ಲುತ್ತದೆ,
ಆಗ ಒಬ್ಬ ಕೆಮ್ಮುತ್ತಾನೆ.
ಯಾವ ಊರಿನ ಟಾಕೀಸೋ, ಕದ್ದು ಕ್ಯಾಮೆರಾ ಹಿಡಿದವನ
ಪಕ್ಕದ ಖುರ್ಚಿಯವನಿರಬೇಕು.
ಮೂರು ಸಲ. ಕೊನೆಯದು ಉದ್ದ, ಎದೆ ಕೆರೆದು.
ಬೆಟ್ಟವೇ ಕೆಮ್ಮಿತು ಅಂದುಕೊಂಡಿದ್ದೆ ನಾನು.
"ಶುಂಠಿ ಕಷಾಯ ಕುಡೀಬಾರದೇನ ಅಂವಾ"
ಅನ್ನುತ್ತಿದ್ದಳು ಆಯಿ, ಪ್ರತೀ ಸಲ.

ಗಣಪತಸಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ತೂಗುತ್ತವೆ.
ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹಳೇ ಸರಕಿನ ರಾಶಿ ಕೆದಕಿ
ಅಸಲಿ ಡಿಸ್ಕು ತಂದೆ, ಗಟ್ಟಿ ಡಬ್ಬಿ,
ಕನ್ನಡಿಯಂಥ ಬೆನ್ನು, ಒಂದು ಗೀರಿಲ್ಲ.
ಆಯಿಗೆ ಬಲಗಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಗಿತ್ತು.
ಎಡಗಣ್ಣು ಸಂಕ್ರಾಂತಿ ಕಳೆದ ಮೇಲೆ, ಅಂದಿದ್ದರು ಡಾಕ್ಟರು.

ಹಿಮ ಜರಡಿಯಿಂದ ಇಳಿಯುವ ಜೋಳದ ಹಿಟ್ಟಿನ ಹಾಗೆ ಇಳಿಯಿತು.
ಆ ಕತ್ತಲೆಯಲ್ಲಿ ಇಡೀ ಒಂದು ಕಾಡಿತ್ತು!
ಪೈನ್ ಮರಗಳು, ಗೂಬೆ, ಹೆಪ್ಪುಗಟ್ಟಿದ ಹಳ್ಳ,
ನಮಗೆ ಯಾರೂ ಹೇಳಿರಲೇ ಇಲ್ಲ.
ಗಾಳಿ ಬೆನ್ನ ಹಿಂದಿನಿಂದ ಬಂದು ಎಡಕಿವಿ ಸವರಿ ಹೋಯಿತು,
ಶ್ರೀಶೈಲನ ಮಗಳು ಎದ್ದು ಹಿತ್ತಲ ಬಾಗಿಲಿಗೆ
ಅಗಳಿ ಹಾಕಿ ಬಂದಳು.

ಆಯಿ ಅಂಗೈಯಿಂದ ಒಂದು ಕಣ್ಣು ಮುಚ್ಚಿದಳು.
ತೆಗೆದು ಇನ್ನೊಂದು ಮುಚ್ಚಿದಳು.
"ಇದು ಗಣಪತಸಾನ ಡಿಸ್ಕು," ಎಡಗಣ್ಣಿಗೆ ಬೆರಳಿಟ್ಟು.
"ಇದು ನೀ ತಂದದ್ದು."
ಎಡದಲ್ಲಿ ಹಿಮಕ್ಕೆ ಅರಿಶಿಣದ ನೀರು,
ಬಲದಲ್ಲಿ ನೀಲಿ ಹಾಕಿ ಹಿಂಡಿದ ಧೋತರ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂದರಿಸು ಅದನ್ನ" ಅಂದಳು.
ಟ್ರಂಕು ತೆರೆದು ಒಂದು ಸೀರೆ ತಂದಳು,
ಹಂಡೆ ಬಿಡುವ ಮೊದಲಿನ ಕಡೆಯ ಲಡಿ,
ಗಿಳಿಹಸಿರು ಅಂತ ಅದ್ದಿದ್ದು, ಗಿಳಿಹಸಿರು ಅಂತಲೇ ಮಾರಿದ್ದು.
ಎಡಗಣ್ಣಿಗೆ ಹಿಡಿದಳು. ಬಲಗಣ್ಣಿಗೆ ಹಿಡಿದಳು.
ಟ್ಯೂಬ್‌ಲೈಟಿನ ಕೆಳಗೆ ಹೋಗಿ ಮತ್ತೆ ಬಲಗಣ್ಣಿಗೆ.
ನವಿಲಿನ ಕುತ್ತಿಗೆ.
ಎಷ್ಟು ಲಡಿ, ಎಷ್ಟು ಮದುವೆ,
ಯಾವ ಸಾವಕಾರನೂ ತಿರುಗಿ ಕಳಿಸಿರಲಿಲ್ಲ.
"ಯಾರರ ಒಂದು ಮಾತು ಅನ್ನಬೇಕಿಲ್ಲೋ," ಅಂದಳು, ಸೀರೆಗೆ.

ಮಡಿಕೆ ಹಾಕಿ, ತೊಡೆಯ ಮೇಲಿಟ್ಟುಕೊಂಡು, "ಹಚ್ಚು" ಅಂದಳು.
ತಾಯಿ ಬೆಟ್ಟದ ತುದಿಗೇರಿ ಹಿಂತಿರುಗಿದಳು.
ಐದು ಸ್ಪೀಕರೂ ಉಸಿರು ಹಿಡಿದವು.
ಶ್ರೀಶೈಲ ನನ್ನ ಮುಖ ನೋಡಿದ.
ಏನೂ ಇಲ್ಲ. ಬರೀ ಹಿಮ ಬೀಳುವ ಸಪ್ಪಳ,
ಅಷ್ಟು ಸಣ್ಣದು ಕೂಡ ಕೇಳುವಷ್ಟು ಸ್ವಚ್ಛ.

ಆಯಿ ತಡೆದು ನಮ್ಮ ಕಡೆ ಹೊರಳಿದಳು,
ಒಂದು ಕಣ್ಣು ಹಳದಿ, ಒಂದು ಹೊಸದು:
"ಆ ಕೆಮ್ಮಾಂವಗ ಕಡಿಮಿ ಆತೇನೋ?"